ಗೃಹಸ್ಥರೊಡನೆ ಎರಡು ಮಾತು: ಹಿರಿಯರ ನಡತೆಯೂ ತರಗತಿಯ ಶಿಸ್ತೂ



ಬೇಸಿಗೆಯ ರಜೆಯು ಕಳೆದು ಶಾಲೆಗಳು ಬಾಗಿಲು ತೆರೆಯುವ ಈ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಪ್ರತಿವರ್ಷವೂ ನಡೆಯುವ ಚರ್ಚೆಯೊಂದುಂಟು. ಮಗುವನ್ನು ಯಾವ ಶಾಲೆಗೆ ಸೇರಿಸುವುದು? ತಂದೆಯು ಕಟ್ಟಡವನ್ನು ನೋಡಿ ಬರುತ್ತಾನೆ, ತಾಯಿಯು ನೆರೆಮನೆಯವರನ್ನು ವಿಚಾರಿಸುತ್ತಾಳೆ, ಮೂಲೆಯಲ್ಲಿ ಕುಳಿತ ಅಜ್ಜನು ಮಾತ್ರ ಒಂದೇ ಪ್ರಶ್ನೆಯನ್ನು ಕೇಳುತ್ತಾನೆ: "ಅಲ್ಲಿ ಶಿಸ್ತು ಇದೆಯೇನಪ್ಪಾ?" ಅಜ್ಜನ ಪ್ರಶ್ನೆಯು ಬಹಳ ಯೋಗ್ಯವಾದುದೆಂದೇ ನಮ್ಮ ಅಭಿಪ್ರಾಯ. ಆದರೆ ಉತ್ತರವನ್ನು ನಾವು ಹುಡುಕುವ ಸ್ಥಳವು ಸರಿಯಲ್ಲ. ಶಾಲೆಯ ಅಂಗಳದಲ್ಲಿ ನಿಂತು ಕಿವಿಗೊಟ್ಟು, ಸದ್ದಿಲ್ಲದಿದ್ದರೆ ಶಿಸ್ತಿದೆಯೆಂದೂ, ಸದ್ದಿದ್ದರೆ ಮೇಷ್ಟರ ಕೈಲಾಗದೆಂದೂ ತೀರ್ಮಾನಿಸಿ ಹಿಂದಿರುಗುತ್ತೇವೆ. ತರಗತಿಯ ಶಿಸ್ತಿನ ಬೇರು ತರಗತಿಯೊಳಗೆ ಮಾತ್ರವೇ ಇಲ್ಲವೆಂಬುದನ್ನೂ, ಅದು ಮುಖ್ಯೋಪಾಧ್ಯಾಯರ ಕೊಠಡಿಯವರೆಗೆ, ಕೆಲವೊಮ್ಮೆ ಅದರಿಂದಾಚೆಗೂ ಹಬ್ಬಿರುವುದೆಂಬುದನ್ನೂ ಈ ತಿಂಗಳು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇವೆ.

ಕಳೆದ ವರ್ಷ ಮೊಳಕಾಲ್ಮೂರು ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ಹೋಗುವ ಸಂದರ್ಭವು ನಮಗೆ ಒದಗಿತ್ತು. ಶಾಲೆಯ ಹೆಸರು ಇಲ್ಲಿ ಬೇಡ. ಆ ಸೀಮೆಯನ್ನು ಬಲ್ಲವರಿಗೆ ಅಲ್ಲಿಯ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಬಂಡೆಗುಡ್ಡಗಳ ನಡುವಣ ಒಣನೆಲ, ನಂಬಲಾರದ ಮಳೆ, ರೇಷ್ಮೆಸೀರೆಯ ಮಗ್ಗಗಳನ್ನೇ ನೆಚ್ಚಿದ ಎಷ್ಟೋ ಮನೆಗಳು, ಆಂಧ್ರದ ಗಡಿಯು ಕೂಗಳತೆಯಲ್ಲಿರುವುದರಿಂದ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು. ಒಬ್ಬ ತರುಣ ಉಪಾಧ್ಯಾಯಿನಿಯವರು ಒಂದು, ಎರಡು, ಮೂರನೆಯ ತರಗತಿಗಳ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಗುಂಪುಗುಂಪಾಗಿ ಕೂರಿಸಿ ಪಾಠ ನಡೆಸುತ್ತಿದ್ದರು. ಒಂದು ಗುಂಪು ಚಿತ್ರಗಳನ್ನು ಜೋಡಿಸುತ್ತಿತ್ತು, ಒಂದು ಗುಂಪು ಗಟ್ಟಿಯಾಗಿ ಓದುತ್ತಿತ್ತು, ಒಂದು ಗುಂಪು ನಿಜವಾಗಿಯೂ ಜಗಳವಾಡುತ್ತಿತ್ತು. ಅಷ್ಟರಲ್ಲಿ ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ಬಂದು ನಿಂತು, ನಮ್ಮ ಎದುರಿಗೂ ಮಕ್ಕಳ ಎದುರಿಗೂ, "ಏನ್ರೀ ಮೇಡಂ, ಇದು ಶಾಲೆಯೋ ಸಂತೆಯೋ? ಮಕ್ಕಳನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದಕ್ಕೂ ಆಗುವುದಿಲ್ಲವೇ?" ಎಂದು ಗದರಿದರು. ಆಕೆಯ ಮುಖವು ಕೆಂಪಾಯಿತು. ಮಕ್ಕಳೆಲ್ಲರೂ ಒಮ್ಮೆಗೇ ಮೌನವಾದರು. ಮುಖ್ಯೋಪಾಧ್ಯಾಯರು ತೃಪ್ತರಾಗಿ ಹಿಂದಿರುಗಿದರು. ನಾವಾದರೋ ಅತಿಥಿಗಳೆಂಬ ನೆಪದಿಂದ ಬಾಯಿ ಮುಚ್ಚಿಕೊಂಡಿದ್ದೆವು.

ಆ ಮೌನವು ಐದು ನಿಮಿಷವೂ ಉಳಿಯಲಿಲ್ಲ. ಹಿಂದಿನ ಸಾಲಿನ ದೊಡ್ಡ ಹುಡುಗನೊಬ್ಬನು ಮುಖ್ಯೋಪಾಧ್ಯಾಯರ ದನಿಯನ್ನೇ ಅನುಕರಿಸಿ, "ಏನ್ರೀ ಮೇಡಂ" ಎಂದನು. ಪಕ್ಕದವರು ಮುಸಿಮುಸಿ ನಕ್ಕರು. ಉಪಾಧ್ಯಾಯಿನಿಯವರು ಆ ಹುಡುಗನನ್ನು ಎಬ್ಬಿಸಿ ನಿಲ್ಲಿಸಿ ಕಟುವಾದ ಮಾತನ್ನಾಡಿದರು. ಆಟದ ಬಿಡುವಿನಲ್ಲಿ ಆ ಹುಡುಗನು ನೇಕಾರರ ಮನೆಯ ಪುಟ್ಟ ಬಾಲಕನೊಬ್ಬನ ತೆಲುಗು ಮಾತನ್ನು ಹಂಗಿಸಿ ಅಳಿಸಿದನು. ಆ ಬಾಲಕನು ಮರುದಿನದಿಂದ ಶಾಲೆಗೆ ಬರಲಿಲ್ಲವೆಂಬುದು ಆಮೇಲೆ ನಮಗೆ ತಿಳಿಯಿತು. ಇನ್ನೂ ಒಂದು ಸಂಗತಿಯನ್ನು ನ್ಯಾಯವಾಗಿ ಹೇಳಬೇಕು. ಅಂದು ಬೆಳಗ್ಗೆ ಆ ಮುಖ್ಯೋಪಾಧ್ಯಾಯರಿಗೇ ಮೇಲಿನವರೊಬ್ಬರಿಂದ ದೂರವಾಣಿಯಲ್ಲಿ, ಯಾವುದೋ ಲೆಕ್ಕದ ಪಟ್ಟಿಯು ತಡವಾಯಿತೆಂದು, ಬಹಳ ಒರಟಾದ ಮಾತು ಬಂದಿತ್ತು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ನಮ್ಮ ಗಾದೆಯನ್ನು ಯಾರು ತಾನೇ ಅರಿಯರು? ಅವಮಾನವೂ ನೀರಿನಂತೆ ತಗ್ಗಿನ ಕಡೆಗೇ ಹರಿಯುವುದು. ಎಲ್ಲರಿಗಿಂತ ತಗ್ಗಿನಲ್ಲಿ ನಿಂತಿರುವ ಮಗುವಿನ ಬಳಿ ಬಂದು ಮಡುವುಗಟ್ಟುವುದು. ನೇಕಾರರ ಮನೆಯಲ್ಲಿ ಶಾಲೆ ಬಿಟ್ಟ ಮಗುವಿಗೆ ಕೆಲಸಕ್ಕೇನೂ ಕೊರತೆಯಿಲ್ಲ. ಮಗ್ಗವು ಮನೆಯಲ್ಲೇ ಇದೆ. ಆದುದರಿಂದ ಆ ಮಗುವಿಗೆ ಒಂದು ದಿನದ ಅಳುವಿನಿಂದ ಆಗಬಹುದಾದ ನಷ್ಟವು ಇಡೀ ಬಾಳಿನ ನಷ್ಟವು.

ಮೊಳಕಾಲ್ಮೂರಿನ ಸೀರೆಯ ಹೆಸರನ್ನು ಕೇಳದ ಗೃಹಿಣಿಯರು ನಮ್ಮ ನಾಡಿನಲ್ಲಿ ವಿರಳ. 2011ರಲ್ಲಿ ಆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಮಗ್ಗದ ಮುಂದೆ ಕುಳಿತ ನೇಕಾರನನ್ನು ನೋಡಿದವರು ಒಂದು ಮಾತನ್ನು ಬಲ್ಲರು. ಹಾಸಿನ ಎಳೆಗಳು ಬಿಗಿಯಾಗಿಯೂ ಸಮನಾಗಿಯೂ ಇದ್ದರೆ ಮಾತ್ರ ಲಾಳಿಯು ಸಲೀಸಾಗಿ ಓಡಿ ಹೊಕ್ಕಿನ ಎಳೆಯು ನಿಲ್ಲುವುದು. ಹಾಸು ಸಡಿಲವಾಗಿದ್ದರೆ ಎಂತಹ ಕುಶಲಿಯು ಲಾಳಿಯನ್ನು ಎಸೆದರೂ ಬಟ್ಟೆಯು ಕೆಡುವುದು. ಮಿತಿಮೀರಿ ಬಿಗಿದರೆ ಎಳೆಯೇ ಹರಿಯುವುದು. ಶಾಲೆಯಲ್ಲಿ ಲಾಳಿಯನ್ನು ಓಡಿಸತಕ್ಕವರು ಉಪಾಧ್ಯಾಯರು. ಹಾಸನ್ನು ಹದವಾಗಿ ಇಡತಕ್ಕವರು ಮುಖ್ಯೋಪಾಧ್ಯಾಯರು. ಬಟ್ಟೆಯು ಕೆಟ್ಟಾಗ ನಾವು ಲಾಳಿಯನ್ನೇ ದೂರುತ್ತೇವೆ.

ಈ ವಿಷಯವನ್ನು ಯೋಚಿಸುವವರಿಗೆ ಆ ತಾಲ್ಲೂಕಿನಲ್ಲಿಯೇ ಒಂದು ಹಳೆಯ ಪಾಠವು ಕಲ್ಲಿನ ಮೇಲೆ ಕಾದಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ನೆರೆಹೊರೆಯ ಸ್ಥಳಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿರುವುದನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಕಂಡುಹಿಡಿದರು. ಕ್ರಿಸ್ತಪೂರ್ವ 3ನೆಯ ಶತಮಾನದ ಈ ಬರಹಗಳ ಭಾಷೆಯು ಪ್ರಾಕೃತ, ಲಿಪಿಯು ಬ್ರಾಹ್ಮೀ. ಬರೆದ ಲಿಪಿಕಾರನಾದ ಚಪಡನು ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯ ಸೀಮೆಯ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಶಿಷ್ಯನು ಆಚಾರ್ಯನನ್ನು ಗೌರವಿಸತಕ್ಕದ್ದೆಂಬ ವಿಧಿಯು ಅಲ್ಲಿ ಉಂಟೆಂದು ನಮ್ಮ ಉಪಾಧ್ಯಾಯ ಮಿತ್ರರು ಅಭಿಮಾನದಿಂದ ಹೇಳುವುದುಂಟು. ಹೌದು, ಉಂಟು. ತಾಯಿತಂದೆಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ ಇವುಗಳ ಜತೆಯಲ್ಲಿ ಅದೂ ಉಂಟು. ಆದರೆ ಆ ವಿಧಿಯು ಬರುವುದು ಶಾಸನದ ಕೊನೆಯ ಭಾಗದಲ್ಲಿ. ಅದಕ್ಕೆ ಮೊದಲು ಬರುವುದೇನೆಂಬುದನ್ನು ನೋಡಬೇಡವೇ?

ಮೊಟ್ಟಮೊದಲು ಬರುವುದು ಕುಶಲಪ್ರಶ್ನೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದಲ್ಲಿದ್ದ ಅಧಿಕಾರಿಗಳಿಗೆ ಆಜ್ಞೆಯನ್ನು ಕಳುಹಿಸುವಾಗ, ಮೊದಲು ಅವರ ಆರೋಗ್ಯವನ್ನು ವಿಚಾರಿಸುತ್ತಾರೆ. ಆ ಬಳಿಕವೇ ಆಜ್ಞೆ. ಎರಡನೆಯದಾಗಿ ಬರುವುದು ಚಕ್ರವರ್ತಿಯ ಆತ್ಮನಿವೇದನೆ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಹೆಚ್ಚು ಕಾಲವಾಯಿತೆಂದೂ, ಆದರೆ ಒಂದು ವರ್ಷದ ಕಾಲ ತಾನು ಸಾಕಷ್ಟು ಶ್ರಮಿಸಲಿಲ್ಲವೆಂದೂ, ಸಂಘವನ್ನು ಸಮೀಪಿಸಿದ ಮೇಲೆ ಚೆನ್ನಾಗಿ ಶ್ರಮಿಸುತ್ತಿರುವೆನೆಂದೂ ಆತನು ಒಪ್ಪಿಕೊಳ್ಳುತ್ತಾನೆ. ಮೂರನೆಯದಾಗಿ ಬರುವುದು ಭರವಸೆ: ಶ್ರಮದ ಫಲವು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಲಭ್ಯವೆಂಬುದು. ಇಷ್ಟೆಲ್ಲ ಆದ ನಂತರ ಬರುವುದು, ಶಿಷ್ಯನು ಆಚಾರ್ಯನನ್ನು ಗೌರವಿಸಲಿ ಎಂಬ ಮಾತು. ನಮ್ಮ ಶಾಲೆಗಳಲ್ಲಿ ಈ ಕ್ರಮವೇ ತಲೆಕೆಳಗಾಗಿದೆ. ಮಕ್ಕಳು ಗೌರವಿಸಬೇಕೆಂಬುದು ಮೊದಲನೆಯ ದಿನವೇ ಗೋಡೆಯ ಮೇಲೆ ಬರೆಯಲ್ಪಡುವುದು. ಉಪಾಧ್ಯಾಯರ ಕುಶಲವನ್ನು ವಿಚಾರಿಸುವ, ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವ ಹಿರಿಯರು ಎಷ್ಟು ಮಂದಿ? ಅರಸನು ಬಂಡೆಯ ಮೇಲೆ ಬರೆಸಲು ನಾಚದ ಮಾತನ್ನು ನಾವು ಪ್ರಾರ್ಥನೆಯ ಸಭೆಯಲ್ಲಿ ಹೇಳಲು ನಾಚುತ್ತೇವೆ.

ಇದೆಲ್ಲ ಹಳೆಯ ಕಾಲದ ಉಪದೇಶವೆಂದು ಯಾರಾದರೂ ಎಂದಾರು. ಹೊಸ ಕಾಲದ ವಿಚಾರವಂತರು ಕಂಡುಕೊಂಡುದೂ ಬಹುಮಟ್ಟಿಗೆ ಇದೇ ಆಗಿದೆ. ಅಮೆರಿಕದ ಅಯೋವಾದಲ್ಲಿ ಕುರ್ಟ್ ಲೆವಿನ್, ಲಿಪಿಟ್, ವೈಟ್ ಎಂಬ ಮೂವರು ಹತ್ತು ವರ್ಷದ ಬಾಲಕರ ಗುಂಪುಗಳನ್ನು ಮಾಡಿ, ಬೇರೆ ಬೇರೆ ರೀತಿಯ ನಾಯಕರ ಕೈಕೆಳಗೆ ಕೆಲಸ ಮಾಡಿಸಿ, ಕಂಡುದನ್ನು 1939ರಲ್ಲಿ ಪ್ರಕಟಿಸಿದರು. ಎಲ್ಲವನ್ನೂ ತಾನೇ ಆಜ್ಞಾಪಿಸುವ ನಾಯಕನ ಗುಂಪು ಆತನು ಎದುರಿಗಿದ್ದಾಗ ಚೆನ್ನಾಗಿ ದುಡಿಯಿತು. ಆತನು ಕೊಠಡಿಯಿಂದ ಹೊರಗೆ ಹೋದೊಡನೆ ಕೆಲಸವು ಬಿದ್ದುಹೋಯಿತು. ಮಕ್ಕಳೊಡನೆ ಆಲೋಚಿಸಿ ಕೆಲಸವನ್ನು ಗೊತ್ತುಮಾಡಿದ ನಾಯಕನ ಗುಂಪಿನಲ್ಲಿ, ಆತನು ಹೊರಗೆ ಹೋದರೂ ಕೆಲಸವು ನಡೆದೇ ಇತ್ತು. ಆಜ್ಞೆಯ ಗುಂಪಿನಲ್ಲಿ ಬಾಲಕರು ತಮ್ಮೊಳಗೆ ಒಬ್ಬನನ್ನು ಆರಿಸಿಕೊಂಡು ಅವನ ಮೇಲೆ ಬೀಳುತ್ತಿದ್ದುದೂ ಕಂಡುಬಂದಿತು. ನಮ್ಮ ನೇಕಾರರ ಮನೆಯ ಬಾಲಕನ ಕಥೆಯು ಅಯೋವಾದಲ್ಲಿಯೂ ನಡೆದಿತ್ತೆಂದಾಯಿತು. ಆದರೆ ಇನ್ನೊಂದನ್ನೂ ಮರೆಯತಕ್ಕದ್ದಲ್ಲ: ಯಾವ ಅಂಕೆಯೂ ಇಲ್ಲದೆ ಮಕ್ಕಳನ್ನು ಅವರ ಪಾಡಿಗೆ ಬಿಟ್ಟ ಗುಂಪಿನಲ್ಲಿಯೂ ಕೆಲಸವು ಸಾಗಲಿಲ್ಲ. ಸಡಿಲ ಹಾಸು, ಹರಿಯುವ ಹಾಸು ಎರಡೂ ಬಟ್ಟೆಗೆ ಆಗವು.

1970ರಲ್ಲಿ ಜೇಕಬ್ ಕೌನಿನ್ ಎಂಬುವರು ತರಗತಿಗಳನ್ನು ಚಿತ್ರೀಕರಿಸಿ ಪರೀಕ್ಷಿಸಿ ಇನ್ನೊಂದು ವಿಷಯವನ್ನು ತಿಳಿಸಿದರು. ತಪ್ಪು ನಡೆದ ಮೇಲೆ ಗದರುವ ಬಗೆಯಲ್ಲಿ ಒಳ್ಳೆಯ ಉಪಾಧ್ಯಾಯರಿಗೂ ಸಾಧಾರಣ ಉಪಾಧ್ಯಾಯರಿಗೂ ಹೇಳಿಕೊಳ್ಳುವಂತಹ ಭೇದವಿಲ್ಲ. ಭೇದವಿರುವುದು ತಪ್ಪು ನಡೆಯುವುದಕ್ಕೆ ಮೊದಲು: ಕೊಠಡಿಯ ಎಲ್ಲ ಮೂಲೆಗಳನ್ನೂ ಕಣ್ಣಿನಲ್ಲಿಟ್ಟುಕೊಂಡಿರುವುದು, ಒಂದು ಪಾಠದಿಂದ ಮತ್ತೊಂದಕ್ಕೆ ತಡೆಯಿಲ್ಲದೆ ಸಾಗುವುದು, ಕೈಗೆ ಕೆಲಸವಿಲ್ಲದ ಮಗುವನ್ನು ಉಳಿಸದಿರುವುದು. ಈಗ ಯೋಚಿಸಿರಿ. ಪಾಠದ ನಡುವೆ ಪಟ್ಟಿ ತುಂಬಲು ಮೂರು ಸಾರಿ ಕರೆಕಳುಹಿಸಲ್ಪಟ್ಟ ಉಪಾಧ್ಯಾಯಿನಿಯು ಮೂಲೆಗಳನ್ನು ಕಣ್ಣಿನಲ್ಲಿಟ್ಟುಕೊಳ್ಳುವುದೆಂತು? ಎಲ್ಲಿ ಬೈಗುಳ ಬಿದ್ದೀತೋ ಎಂದು ಬಾಗಿಲನ್ನೇ ನೋಡುವ ಕಣ್ಣು ಮಕ್ಕಳನ್ನು ನೋಡುವುದೆಂತು? ಮುಖ್ಯೋಪಾಧ್ಯಾಯರ ಧರ್ಮವೆಂದರೆ ದೊಡ್ಡ ಭಾಷಣವಲ್ಲ. ಉಪಾಧ್ಯಾಯರ ಹೊತ್ತನ್ನು ಕಾಪಾಡುವುದು, ಕೆಲಸವನ್ನು ಪಕ್ಷಪಾತವಿಲ್ಲದೆ ಹಂಚುವುದು, ತಪ್ಪಿದ್ದರೆ ಬಾಗಿಲು ಮುಚ್ಚಿ ಏಕಾಂತದಲ್ಲಿ ಹೇಳುವುದು, ಒಳ್ಳೆಯದಿದ್ದರೆ ಹತ್ತು ಮಂದಿಯ ಮುಂದೆ ಹೇಳುವುದು. ಅದೇ ತರಗತಿಯ ಶಿಸ್ತಿನ ಅರ್ಧಭಾಗ.

ಸದ್ದಿನ ವಿಚಾರದಲ್ಲಿಯೂ ಒಂದು ಮಾತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ, ಬೇರೆ ಬೇರೆ ಹಂತದ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪಾಗಿ ಕುಳಿತು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಏರ್ಪಾಡಿದೆ. ಅದು ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಅಂತಹ ತರಗತಿಯಲ್ಲಿ ಮಾತು ಇರಲೇಬೇಕು. ಜೇನುಗೂಡಿನ ಸದ್ದಿಗೂ ಕಾಗೆಗಳ ಜಗಳದ ಸದ್ದಿಗೂ ಇರುವ ಭೇದವನ್ನು ಅರಿಯದ ಹಿರಿಯರು ಮೌನವನ್ನೇ ಬೇಡಿದರೆ, ಉಪಾಧ್ಯಾಯರು ಗುಂಪುಗಳನ್ನು ಒಡೆದು, ಎಲ್ಲರಿಂದಲೂ ನಕಲು ಬರೆಯಿಸಿ ಮೌನವನ್ನು ಒಪ್ಪಿಸಿಬಿಡುತ್ತಾರೆ. ಆಗ ಶಾಲೆಯು ನಿಶ್ಶಬ್ದವಾಗುವುದು. ಕಲಿಕೆಯೂ ನಿಶ್ಶಬ್ದವಾಗಿ ಹೊರಟುಹೋಗುವುದು.

"ದಂಡಂ ದಶಗುಣಂ ಎಂದಿಲ್ಲವೇ? ನಮ್ಮ ಕಾಲದಲ್ಲಿ ಬೆತ್ತವಿತ್ತು, ಅದಕ್ಕೇ ನಾವು ಕಲಿತೆವು" ಎಂದು ಅಜ್ಜನವರು ಕೇಳಿಯಾರು. ಅವರಿಗೆ ನಾವು ವಿನಯದಿಂದ ಹೇಳುವುದಿಷ್ಟೆ. ಬೆತ್ತದಿಂದ ಕಲಿತವರು ತಮ್ಮ ಕಥೆಯನ್ನು ಹೇಳಲು ಉಳಿದಿದ್ದಾರೆ. ಬೆತ್ತದಿಂದ ಶಾಲೆ ಬಿಟ್ಟವರ ಕಥೆಯನ್ನು ಕೇಳಿದವರಾರು? ಅದೂ ಅಲ್ಲದೆ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಕ್ಕಳ ಶಿಕ್ಷಣ ಹಕ್ಕಿನ ಅಧಿನಿಯಮವು ತನ್ನ 17ನೆಯ ಪ್ರಕರಣದಲ್ಲಿ ದೈಹಿಕ ದಂಡನೆಯನ್ನು ಮಾತ್ರವಲ್ಲದೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತವನ್ನು ಕಸಿದುಕೊಂಡರು, ಬದಲಿಗೆ ಏನನ್ನೂ ಕೊಡಲಿಲ್ಲವೆಂದು ಉಪಾಧ್ಯಾಯರು ನೊಂದು ನುಡಿಯುವುದನ್ನು ನಾವು ಕೇಳಿದ್ದೇವೆ. ಆ ನೋವು ಸುಳ್ಳಲ್ಲ. ಬದಲಿಗೆ ಕೊಡತಕ್ಕದ್ದು ಹಿರಿಯರ ಬೆಂಬಲವೇ ಆಗಿದೆ. ತುಂಟನನ್ನು ಹೊಡೆಯದೆ ತಿದ್ದುವ ಉಪಾಧ್ಯಾಯರಿಗೆ ಹೊತ್ತು ಹೆಚ್ಚು ಬೇಕು, ಸಹನೆ ಹೆಚ್ಚು ಬೇಕು. ಅವರ ಹಿಂದೆ ನಿಂತು, ಆ ಮಗುವಿನ ಮನೆಗೆ ತಾವೂ ನಡೆದುಹೋಗಿ ತಾಯಿತಂದೆಗಳೊಡನೆ ಮಾತನಾಡುವ ಮುಖ್ಯೋಪಾಧ್ಯಾಯರು ಬೇಕು. ತಾವು ಗದರುತ್ತ, "ನೀವು ಗದರಬೇಡಿ" ಎಂದರೆ ಯಾರು ನಂಬುವರು?

ಇದನ್ನು ಕೊನೆಯವರೆಗೂ ನಡೆದು ತೋರಿಸಿದ ಒಬ್ಬರು ಪೋಲೆಂಡ್ ದೇಶದಲ್ಲಿದ್ದರು. ಯಾನುಶ್ ಕೊರ್ಚಾಕ್ ಎಂಬ ವೈದ್ಯರು 1912ರಿಂದ ವಾರ್ಸಾ ನಗರದಲ್ಲಿ ಅನಾಥಾಲಯವೊಂದನ್ನು ನಡೆಸಿದರು. ಅಲ್ಲಿ ಮಕ್ಕಳದೇ ಒಂದು ನ್ಯಾಯಸಭೆಯಿತ್ತು. ಅದರ ಕಟ್ಟಳೆಗಳು ಹೆಚ್ಚಾಗಿ ಕ್ಷಮೆಯ ಕಡೆಗೇ ಬಾಗಿದ್ದವು. ಆ ಸಭೆಯ ಮುಂದೆ ಕೊರ್ಚಾಕರು ಅರ್ಧ ವರ್ಷದಲ್ಲಿ ಐದು ಸಾರಿ ತಮ್ಮ ಮೇಲೆ ತಾವೇ ದೂರು ಕೊಟ್ಟುಕೊಂಡರು. ಅವುಗಳಲ್ಲಿ ಒಂದು, ಹುಡುಗನೊಬ್ಬನಿಗೆ ಕಪಾಳಕ್ಕೆ ಹೊಡೆದುದಕ್ಕಾಗಿ. ಇದರಿಂದ ತಮ್ಮ ಅಧಿಕಾರವು ಕುಗ್ಗೀತೆಂದು ಅವರು ಹೆದರಲಿಲ್ಲ. 1942ರ ಆಗಸ್ಟ್ ತಿಂಗಳಲ್ಲಿ ನಾತ್ಸಿಗಳು ಆ ಮಕ್ಕಳನ್ನು ಟ್ರೆಬ್ಲಿಂಕಾ ಎಂಬ ಮರಣಶಿಬಿರಕ್ಕೆ ಒಯ್ದಾಗ, ಅವರು ಮಕ್ಕಳನ್ನು ಬಿಟ್ಟು ಉಳಿಯಲೊಪ್ಪದೆ ಜತೆಯಲ್ಲಿಯೇ ಹೋದರು. ಮಕ್ಕಳ ಮುಂದೆ ತಪ್ಪೊಪ್ಪಿಕೊಳ್ಳಬಲ್ಲವರು ಮಕ್ಕಳ ಕೈಯನ್ನೂ ಬಿಡಲಾರರು.

ಅಷ್ಟು ದೂರ ಹೋಗದೆಯೂ ಹೇಳಬಹುದು. ಮೊಳಕಾಲ್ಮೂರಿನ ನೆರೆಯ ಚಳ್ಳಕೆರೆ ತಾಲ್ಲೂಕಿನ ತಳುಕು ಗ್ರಾಮವು ಟಿ. ಎಸ್. ವೆಂಕಣ್ಣಯ್ಯನವರ ಊರು. 1885ರಲ್ಲಿ ಜನಿಸಿ 1939ರಲ್ಲಿ ತೀರಿಕೊಂಡ ಆ ಕನ್ನಡ ಪ್ರಾಧ್ಯಾಪಕರಿಗೆ, ಅವರು ಹೋಗಿ 10 ವರ್ಷಗಳಾದ ಮೇಲೆ, ಅವರ ಶಿಷ್ಯರಾದ ಕುವೆಂಪು ಅವರು ಶ್ರೀರಾಮಾಯಣ ದರ್ಶನಂ ಮಹಾಕಾವ್ಯವನ್ನು ಅರ್ಪಿಸಿದರು. ಗುರುವು ಕಣ್ಣೆದುರಿಗಿಲ್ಲದಾಗಲೂ ಉಳಿಯುವ ಗೌರವವೆಂದರೆ ಇದು. ಬೆತ್ತವು ಇದನ್ನು ಎಂದಿಗೂ ಸಂಪಾದಿಸಲಾರದು. ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಮುಖ್ಯಸ್ಥರಾಗಿಯೂ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿಯೂ ಇದ್ದ ಎಚ್. ನರಸಿಂಹಯ್ಯನವರು ಆ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿಯೇ ದಶಕಗಳ ಕಾಲ ವಾಸವಾಗಿದ್ದರು. ಸರಳತೆಯನ್ನು ಕುರಿತು ಅವರು ಪ್ರತ್ಯೇಕವಾಗಿ ಪಾಠ ಹೇಳಬೇಕಾಗಿರಲಿಲ್ಲ.

ಇನ್ನು ಗೃಹಸ್ಥರಾದ ನಮ್ಮ ಪಾಲಿನ ಕರ್ತವ್ಯವೇನು? ಮೇಲೆ ಹೇಳಿದ ಅಧಿನಿಯಮದಂತೆ ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ತಾಯಿತಂದೆಗಳೇ ಆಗಿರಬೇಕು. ಸಮಿತಿಯ ಅರ್ಧದಷ್ಟು ಮಂದಿ ಸ್ತ್ರೀಯರಾಗಿರಬೇಕು. ನಮ್ಮಲ್ಲಿ ಇದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೆನ್ನುತ್ತಾರೆ. ಆ ಸಭೆಗೆ ಹೋದಾಗ ಗೋಡೆಯ ಸುಣ್ಣಬಣ್ಣದ ಲೆಕ್ಕವನ್ನು ಕೇಳುವುದರೊಂದಿಗೆ ಇನ್ನೆರಡು ಪ್ರಶ್ನೆಗಳನ್ನು ಕೇಳೋಣ. ಉಪಾಧ್ಯಾಯರು ತಮ್ಮ ಕಷ್ಟವನ್ನು ಮುಖ್ಯೋಪಾಧ್ಯಾಯರಲ್ಲಿ ಅಂಜದೆ ಹೇಳಿಕೊಳ್ಳಬಲ್ಲರೇ? ಮುಖ್ಯೋಪಾಧ್ಯಾಯರು ಶಾಲೆಯಲ್ಲಿ ಇಲ್ಲದ ದಿನ ತರಗತಿಗಳು ಹೇಗೆ ನಡೆಯುತ್ತವೆ? ಅಜ್ಜನ ಪ್ರಶ್ನೆಗೆ ನಿಜವಾದ ಉತ್ತರವು ಈ ಎರಡರಲ್ಲಿದೆ. ಮನೆಯಲ್ಲಿಯೂ ಮಗುವಿನ ಎದುರಿಗೆ ಉಪಾಧ್ಯಾಯರನ್ನು ಹಗುರಾಗಿ ಆಡಿಕೊಳ್ಳದಿರೋಣ. ದೂರಿದ್ದರೆ ಅವರಲ್ಲಿಗೇ ಹೋಗಿ ಹೇಳೋಣ. ಗೃಹದ ಯಜಮಾನನೂ ಒಂದು ಬಗೆಯ ಮುಖ್ಯೋಪಾಧ್ಯಾಯನೇ. ಮಕ್ಕಳ ಮುಂದೆ ಹೆಂಡತಿಯನ್ನು ಗದರಿ, ಬಳಿಕ "ಅಮ್ಮನ ಮಾತನ್ನು ಕೇಳಿರಿ" ಎಂದರೆ ಮಕ್ಕಳು ಕೇಳುವುದುಂಟೇ?

ಆ ಶಾಲೆಯ ಕಥೆಯನ್ನು ಮುಗಿಸದೆ ಬಿಡಬಾರದು. ಅಂದು ಸಾಯಂಕಾಲ ಹೊರಡುವ ಮುನ್ನ ನಾವು ಮುಖ್ಯೋಪಾಧ್ಯಾಯರೊಡನೆ ಬೆಳಗ್ಗೆ ಕಂಡುದನ್ನು ಅಳುಕುತ್ತಲೇ ಪ್ರಸ್ತಾಪಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ನನಗೂ ಬೆಳಗ್ಗೆ ಹಾಗೆಯೇ ಆಯಿತು ಸ್ವಾಮಿ" ಎಂದಷ್ಟೇ ನುಡಿದರು. ಕೆಲವು ವಾರಗಳ ಮೇಲೆ ಸೀರೆಯ ವ್ಯವಹಾರದಿಂದ ಪರಿಚಿತಳಾದ ಆ ಬಾಲಕನ ತಾಯಿಯಿಂದ ಉಳಿದುದು ತಿಳಿಯಿತು. ಮುಖ್ಯೋಪಾಧ್ಯಾಯರು ಒಂದು ದಿನ ಪ್ರಾರ್ಥನೆಯಾದ ಮೇಲೆ, ಮಕ್ಕಳೆಲ್ಲರ ಮುಂದೆ, ತಾವು ಆ ಉಪಾಧ್ಯಾಯಿನಿಯವರನ್ನು ಗದರಿದ್ದು ತಪ್ಪೆಂದು ಹೇಳಿದರಂತೆ. ಆ ಬಳಿಕ ಆಕೆಯೊಡನೆ ನೇಕಾರರ ಮನೆಗೂ ಹೋಗಿ ಮಗುವನ್ನು ಕರೆದರಂತೆ. ತರಗತಿಯಲ್ಲಿ ಈಗ ಸದ್ದಿಲ್ಲವೇ ಎಂದು ಕೇಳಿದೆವು. "ಸದ್ದು ಇದ್ದೇ ಇದೆ ಬಿಡಿ, ಮಕ್ಕಳಲ್ಲವೇ? ಆದರೆ ನಮ್ಮ ಹುಡುಗ ಈಗ ಬೆಳಗ್ಗೆ ನಾವು ಎಬ್ಬಿಸುವ ಮುಂಚೆಯೇ ಏಳುತ್ತಾನೆ" ಎಂದಳು ಆ ತಾಯಿ.

ಶಾಲೆಯನ್ನು ಅಳೆಯುವುದಕ್ಕೆ ಇದಕ್ಕಿಂತ ಬೇರೆ ಅಳತೆಗೋಲು ನಮಗೆ ತೋರದು.